ಕಲ್ಲಿನ ಶಾಸನ, ಎಣ್ಣೆಯ ಶಾಸನ

ನಮ್ಮ ಕಾಲೇಜಿನಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಶಾಸನಗಳ ಪಾಠ ಹೇಳುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಶಾಸನವೆಂದೊಡನೆ ಹುಡುಗರು ಆಕಳಿಸುವುದು ವಾಡಿಕೆ. ಮಧ್ಯಾಹ್ನದ ಊಟವಾದ ಮೇಲಿನ ಗಂಟೆಯಾದರೆ ಹೇಳುವುದೇ ಬೇಡ. ಆ ದಿನ ವಿಜಯನಗರದ ಕಾಲದ ಒಂದು ದಾನಶಾಸನದ ವಿಷಯ ನಡೆದಿತ್ತು. ಅರಸನು ಭೂಮಿಯನ್ನು ದಾನ ಮಾಡುವಾಗ ಬರಿಯ ನೆಲವನ್ನಷ್ಟೇ ಕೊಡುತ್ತಿರಲಿಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನೂ ಸೇರಿಸಿ ಕೊಡುತ್ತಿದ್ದನು. ಎಂದರೆ ನೆಲದಲ್ಲಿ ಹೂತಿರುವ ಹೊನ್ನು, ಅಲ್ಲಿಯ ನೀರು, ಕಲ್ಲು, ಈಗ ಬರುವ ಹುಟ್ಟುವಳಿ, ಮುಂದೆ ಬರಬಹುದಾದ ಹುಟ್ಟುವಳಿ, ಎಲ್ಲವೂ ದಾನ ಪಡೆದವನಿಗೆ ಸೇರತಕ್ಕದ್ದು ಎಂದು ವಿವರಿಸುತ್ತಿದ್ದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ಎದ್ದು, "ಸರ್, ಆ ಹೊಲದಲ್ಲಿ ಪೆಟ್ರೋಲು ಸಿಕ್ಕಿದ್ದರೆ ಅದು ಯಾರದಾಗುತ್ತಿತ್ತು?" ಎಂದು ಕೇಳಿದಳು.

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. "ನಿಕ್ಷೇಪದಲ್ಲಿ ಸೇರುತ್ತದಮ್ಮ, ಅವನದೇ" ಎಂದು ಹೇಳಿ ಮುಂದಿನ ಶಾಸನಕ್ಕೆ ಹೋದೆ. ಆದರೆ ಸಂಜೆ ಮನೆಗೆ ನಡೆದು ಬರುವಾಗ ಆ ಪ್ರಶ್ನೆ ಜೊತೆಯಲ್ಲಿಯೇ ಬಂದಿತು. ಕನ್ನಡದಲ್ಲಿ 'ಶಾಸನ'ವೆಂಬ ಮಾತಿಗೆ ಎರಡು ಅರ್ಥ. ಕಲ್ಲಿನ ಮೇಲೆ, ತಾಮ್ರದ ಹಲಗೆಯ ಮೇಲೆ ಕೊರೆದದ್ದೂ ಶಾಸನವೇ. ವಿಧಾನಸಭೆ ಲೋಕಸಭೆಗಳು ರಚಿಸುವ ಕಾಯಿದೆಯೂ ಶಾಸನವೇ. ಮೊದಲನೆಯ ಶಾಸನ ನೆಲದೊಳಗಿನದನ್ನು ನೆಲದೊಡನೆಯೇ ಕೊಟ್ಟಿತು. (ಕೊಟ್ಟದ್ದು ಉಳುವವನಿಗಲ್ಲ, ಅಗ್ರಹಾರದವರಿಗೂ ದೇವಸ್ಥಾನಕ್ಕೂ ಎಂಬುದನ್ನು ಮರೆಯಬಾರದು, ಹಳೆಯ ಕಾಲವನ್ನು ಹೊಗಳುವ ಚಪಲ ನಮ್ಮ ವೃತ್ತಿಯವರಿಗೆ ಸ್ವಲ್ಪ ಹೆಚ್ಚು.) ಎರಡನೆಯ ಶಾಸನ ಏನು ಮಾಡಿದೆ?

ನಮ್ಮ ಪಕ್ಕದ ಮನೆಯ ರಾಯರು ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಭೂಮಿಯ ವಿಷಯವೆಂದರೆ ಅವರಿಗೆ ಎದ್ದು ಕುಳಿತುಕೊಳ್ಳುವ ಉತ್ಸಾಹ. ನನ್ನ ಸಂಶಯವನ್ನು ಅವರ ಜಗಲಿಯ ಮೇಲೆ ಇಟ್ಟೆ. "ಏನು ಮೇಷ್ಟ್ರೇ, ನೆಲದ ಮೇಲಿನದಕ್ಕೆ ಪಹಣಿ ಉಂಟು. ನೆಲದ ಕೆಳಗಿನ ಎಣ್ಣೆಗೆ ಪಹಣಿ ಎಲ್ಲಿಂದ ತರುತ್ತೀರಿ? ಅದು ಸರ್ಕಾರದ್ದು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು.

ರಾಯರ ಮಾತು ಬಹುಪಾಲು ದೇಶಗಳ ಮಟ್ಟಿಗೆ ನಿಜ. ಅಮೆರಿಕೆಯಲ್ಲಿ ಮಾತ್ರ ಜಮೀನಿನ ಒಡೆಯನು ಅದರ ಕೆಳಗಿನ ಎಣ್ಣೆಗೂ ಒಡೆಯನಾಗಬಲ್ಲನು. ಟೆಕ್ಸಾಸಿನ ರೈತನ ಹೊಲದಲ್ಲಿ ಎಣ್ಣೆ ಚಿಮ್ಮಿದರೆ ಅವನ ಬಡತನ ಆ ದಿನವೇ ಮುಗಿಯಬಹುದು. ಬೇರೆ ಕಡೆಗಳಲ್ಲಿ ಎಣ್ಣೆ ರಾಷ್ಟ್ರದ ಸ್ವತ್ತು. ಇದರಲ್ಲಿ ತಪ್ಪೇನು? ಸಮಸ್ತ ಪ್ರಜೆಗಳಿಗೆ ಸೇರಬೇಕಾದ ಸಂಪತ್ತು ಅದೃಷ್ಟವಂತನೊಬ್ಬನ ಪಾಲಾಗದಿರುವುದು ನ್ಯಾಯವೇ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಆ ನ್ಯಾಯವು ಎಣ್ಣೆಬಾವಿಯ ಪಕ್ಕದಲ್ಲಿ ಒಲೆ ಹೊತ್ತಿಸುವ ಗೃಹಿಣಿಯ ಅಂಗಳಕ್ಕೆ ಬರುವ ವೇಳೆಗೆ ಯಾವ ರೂಪ ತಾಳುತ್ತದೆಂಬುದನ್ನು ತಿಳಿಯಬೇಕಾದರೆ ಪಶ್ಚಿಮ ಆಫ್ರಿಕದ ನೈಜೀರಿಯಾ ದೇಶಕ್ಕೆ ಹೋಗಬೇಕು. ದೂರದ ದೇಶವೆಂದು ವಾಚಕರು ಪುಟ ತಿರುಗಿಸದಿರಲಿ. ಆ ದೇಶದ ಕಚ್ಚಾ ಎಣ್ಣೆಯನ್ನು ಹೇರಳವಾಗಿ ಕೊಂಡ ದೇಶಗಳಲ್ಲಿ ನಮ್ಮದೂ ಒಂದು. ನಮ್ಮ ಸ್ಕೂಟರಿಗೆ ಬಂಕಿನಲ್ಲಿ ಹಾಕಿಸಿದ ಪೆಟ್ರೋಲಿನಲ್ಲಿ ಆ ನದೀಮುಖದ ಒಂದೆರಡು ಹನಿ ಎಂದಾದರೂ ಸೇರಿರಬಹುದು.

ನೈಜರ್ ನದಿ ಸಮುದ್ರವನ್ನು ಸೇರುವಲ್ಲಿ ನೂರಾರು ಕವಲುಗಳಾಗಿ ಒಡೆಯುತ್ತದೆ. ಕವಲುಗಳ ನಡುವೆ ಜೌಗು ನೆಲ. ಉಪ್ಪುನೀರಿನಲ್ಲಿ ಬೇರೂರಿ ನಿಂತ ಕಾಂಡ್ಲಾ ಕಾಡುಗಳು. ನಮ್ಮ ಹೊನ್ನಾವರ ಕುಮಟೆಗಳ ಅಳಿವೆಗಳನ್ನು ಕಂಡವರು ಅದನ್ನು ಸಾವಿರ ಪಟ್ಟು ಹಿಗ್ಗಿಸಿ ಊಹಿಸಿಕೊಳ್ಳಬಹುದು. ಮೀನು, ಸಿಗಡಿ, ಏಡಿ, ಗೆಣಸು, ತಾಳೆ, ಇವು ಅಲ್ಲಿಯ ಜನರ ಬಾಳು. ವಿಚಿತ್ರವೆಂದರೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆಂಗ್ಲ ವರ್ತಕರು ಆ ಪ್ರದೇಶವನ್ನು 'ಎಣ್ಣೆಯ ನದಿಗಳು' ಎಂದು ಕರೆದಿದ್ದರು. ಆಗಿನ ಎಣ್ಣೆ ತಾಳೆಯ ಎಣ್ಣೆ. ಸಾಬೂನಿಗೂ ಯಂತ್ರಗಳಿಗೂ ಇಂಗ್ಲೆಂಡಿಗೆ ಪೀಪಾಯಿಗಟ್ಟಲೆ ಹೋಗುತ್ತಿತ್ತು. ಹೆಸರು ಮೊದಲೇ ಬಂದು ಕಾದು ಕುಳಿತಿತ್ತು. ಎಣ್ಣೆ ಆಮೇಲೆ ಬದಲಾಯಿತು.

೧೯೫೬ರಲ್ಲಿ ಒಲೊಯಿಬಿರಿ ಎಂಬ ಹಳ್ಳಿಯಲ್ಲಿ ಶೆಲ್ ಮತ್ತು ಬಿ.ಪಿ. ಕಂಪನಿಗಳು ಜೊತೆಗೂಡಿ ಕೊರೆದ ಬಾವಿಯಲ್ಲಿ ಎಣ್ಣೆ ಸಿಕ್ಕಿತು. ವ್ಯಾಪಾರಕ್ಕೆ ತಕ್ಕಷ್ಟು ಎಣ್ಣೆ ಆ ದೇಶದಲ್ಲಿ ಕಂಡದ್ದು ಅದೇ ಮೊದಲು. ೧೯೫೮ರಲ್ಲಿ ದಿನಕ್ಕೆ ಸುಮಾರು ೫,೧೦೦ ಪೀಪಾಯಿಗಳಷ್ಟು ಎಣ್ಣೆ ಹೊರಡತೊಡಗಿ, ಮೊದಲ ಹಡಗು ಹೊರದೇಶಕ್ಕೆ ತೆರಳಿತು. ಎರಡು ದಶಕಗಳಲ್ಲಿ ಆ ಹಳ್ಳಿಯ ಎಣ್ಣೆ ತೀರಿತು, ಕಂಪನಿ ಮುಂದೆ ಸಾಗಿತು. ಬಾವಿಯ ಬಾಯಿಗೆ ಕೂಡಿಸುವ ಕೊಳವೆ ಬಿರಡೆಗಳ ಕಬ್ಬಿಣದ ಗೊಂಚಲಿಗೆ ಆ ಕಸುಬಿನವರು 'ಕ್ರಿಸ್‌ಮಸ್ ಟ್ರೀ' ಎನ್ನುತ್ತಾರೆ. ಒಲೊಯಿಬಿರಿಯ ಮೊದಲ ಬಾವಿಯ ಮೇಲೆ ಆ ಕಬ್ಬಿಣದ ಗಿಡ ತುಕ್ಕು ಹಿಡಿದು, ಒಂದು ಹೆಸರುಹಲಗೆಯ ಪಕ್ಕದಲ್ಲಿ, ಹುಲ್ಲಿನ ನಡುವೆ ನಿಂತುಕೊಂಡಿತು.

ಇನ್ನು ಶಾಸನಗಳ ವಿಷಯ. ೧೯೬೦ರಲ್ಲಿ ನೈಜೀರಿಯಾ ಸ್ವತಂತ್ರವಾದಾಗ ಖನಿಜದಿಂದ ಬಂದ ರಾಜಧನದಲ್ಲಿ ಅರ್ಧ ಭಾಗ ಅದು ಹುಟ್ಟಿದ ಪ್ರಾಂತಕ್ಕೇ ಸೇರಬೇಕೆಂದು ಸಂವಿಧಾನದಲ್ಲಿ ಬರೆದಿತ್ತು. ಆಮೇಲೆ ಸೇನೆಯ ಆಳ್ವಿಕೆ ಬಂದಿತು. ೧೯೬೭ರಿಂದ ಬಿಯಾಫ್ರಾದ ಅಂತರ್ಯುದ್ಧ ನಡೆಯಿತು. ಯುದ್ಧ ಇನ್ನೂ ಮುಗಿಯುವ ಮೊದಲೇ, ೧೯೬೯ರ ನವೆಂಬರಿನಲ್ಲಿ, ಸೈನಿಕ ಸರ್ಕಾರ ಪೆಟ್ರೋಲಿಯಂ ಕಾಯಿದೆಯನ್ನು ಹೊರಡಿಸಿತು. ಯಾವ ನೆಲದ ಒಳಗೆ, ಕೆಳಗೆ, ಮೇಲೆ ಎಲ್ಲಿಯೇ ಇರಲಿ, ಪೆಟ್ರೋಲಿಯಂ ಎಂಬುದರ ಸಮಸ್ತ ಒಡೆತನವೂ ಹತೋಟಿಯೂ ರಾಜ್ಯಾಧಿಕಾರದ್ದೆಂಬುದು ಅದರ ಮೊದಲ ವಿಧಿಯ ತಾತ್ಪರ್ಯ. ಫಿರಂಗಿಗಳ ಸದ್ದಿನಲ್ಲಿ ಹೊರಟ ಈ ಆಜ್ಞೆ ಮೀನುಗಾರರ ಹಳ್ಳಿಗಳಲ್ಲಿ ಎಷ್ಟು ಜನರ ಕಿವಿಗೆ ಬಿದ್ದಿತೋ!

ಅಲ್ಲಿಗೂ ನೆಲ ಅವರದಾಗಿಯೇ ಇತ್ತು. ೧೯೭೮ರ ಭೂಬಳಕೆ ಕಾಯಿದೆ ಅದನ್ನೂ ತೆಗೆದುಕೊಂಡಿತು. ಪ್ರತಿಯೊಂದು ರಾಜ್ಯದ ಭೂಮಿಯೂ ಆ ರಾಜ್ಯದ ಗವರ್ನರನ ಕೈಯಲ್ಲಿ ಜನರ ಪರವಾದ ನ್ಯಾಸವಾಗಿ ಇರತಕ್ಕದ್ದು. ಜನರಿಗೆ ಉಳಿಯುವುದು ಅನುಭೋಗದ ಹಕ್ಕು ಮಾತ್ರ. ಸಾರ್ವಜನಿಕ ಹಿತಕ್ಕಾಗಿ ಆ ಹಕ್ಕನ್ನು ರದ್ದುಪಡಿಸಬಹುದು; ಗಣಿ ಕೆಲಸವೂ ಎಣ್ಣೆಯ ಕೊಳವೆ ಹಾಕುವುದೂ ಸಾರ್ವಜನಿಕ ಹಿತವೇ ಎಂದು ಕಾಯಿದೆಯಲ್ಲಿಯೇ ಹೇಳಿಬಿಟ್ಟಿದೆ. ಪರಿಹಾರವೇನೋ ಉಂಟು: ನಿಂತ ಪೈರಿಗೆ, ಕಟ್ಟಿದ ಮನೆಗೆ, ಆ ವರ್ಷ ತೆತ್ತ ಬಾಡಿಗೆಗೆ. ನೆಲದ ಬೆಲೆಗಲ್ಲ.

ಇದನ್ನು ಕೇಳಿ ರಾಯರು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿದರು. "ಹಾಗಾದರೆ ಬರೀ ಮಾಲ್ಕಿ ಕೊಟ್ಟು ಕಳಿಸಿದರು ಎನ್ನಿ. ನಾವು ಕೆರೆಗೆ ಜಮೀನು ಹಿಡಿಯುವಾಗ ಮಾಲ್ಕಿಯ ಪಟ್ಟಿ ಬೇರೆ, ಜಮೀನಿನ ಪಟ್ಟಿ ಬೇರೆ ಮಾಡುತ್ತಿದ್ದೆವು. ತೆಂಗಿನ ಮರಕ್ಕೆ ಇಷ್ಟು, ಹಲಸಿನ ಮರಕ್ಕೆ ಇಷ್ಟು. ಅದಕ್ಕೇ ಜನ ನಮ್ಮನ್ನು ಶಪಿಸುತ್ತಿದ್ದರು. ಜಮೀನಿನ ಪಟ್ಟಿಯೇ ಇಲ್ಲದಿದ್ದರೆ ಏನು ಮಾಡುತ್ತಿದ್ದರೋ."

ಈ ನಡುವೆ ರಾಜಧನದ ಪಾಲೂ ಕರಗುತ್ತ ಬಂದಿತ್ತು. ಅರ್ಧದಿಂದ ಇಳಿದು ಇಳಿದು ೧೯೮೦ರ ದಶಕದಲ್ಲಿ ನೂರಕ್ಕೆ ಒಂದೂವರೆಗೆ ನಿಂತಿತು, ೧೯೯೨ರಲ್ಲಿ ಮೂರಾಯಿತು, ೧೯೯೯ರ ಸಂವಿಧಾನದಲ್ಲಿ ನೂರಕ್ಕೆ ೧೩ಕ್ಕೆ ಕಡಿಮೆಯಾಗಕೂಡದೆಂದು ಬರೆದರು. ಈ ೧೩ ಭಾಗ ಸೇರುವುದು ರಾಜ್ಯ ಸರ್ಕಾರಗಳ ಬೊಕ್ಕಸಕ್ಕೆ. ಬೊಕ್ಕಸದಿಂದ ಹಳ್ಳಿಗೆ ಇರುವ ದಾರಿ ಎಷ್ಟು ಉದ್ದವೆಂಬುದನ್ನು ನಮ್ಮ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ.

ಸಾಹಿತ್ಯದ ಮೇಷ್ಟರಾದ ನಾನು ಇಲ್ಲಿ ಒಬ್ಬ ಸಾಹಿತಿಯ ಬಳಿ ನಿಲ್ಲದೆ ಮುಂದುವರಿಯಲಾರೆ. ಕೆನ್ ಸಾರೊ-ವಿವಾ ಎಂಬಾತ ಆ ನದೀಮುಖದ ಒಗೊನಿ ಎಂಬ ಸಣ್ಣ ಜನಾಂಗದವನು. ದೂರದರ್ಶನದಲ್ಲಿ ನಾಡನ್ನೆಲ್ಲ ನಗಿಸಿದ ಹಾಸ್ಯ ಧಾರಾವಾಹಿಯ ಕರ್ತೃ. ೧೯೮೫ರಲ್ಲಿ ಅವನ 'ಸೋಜಾಬಾಯ್' ಕಾದಂಬರಿ ಪ್ರಕಟವಾಯಿತು. ಅದನ್ನು ಅವನು ಬರೆದದ್ದು ಬೀದಿಯ ಜನ ಆಡುವ ಮುರುಕು ಇಂಗ್ಲಿಷಿನಲ್ಲಿ. 'ಕೊಳೆತ ಇಂಗ್ಲಿಷಿನ ಕಾದಂಬರಿ' ಎಂದು ಅವನೇ ಅದಕ್ಕೆ ಉಪಶೀರ್ಷಿಕೆ ಕೊಟ್ಟನು. ಯುದ್ಧದ ಕಾರಣವೂ ತಿಳಿಯದೆ ಸೈನ್ಯ ಸೇರಿದ ಹಳ್ಳಿಯ ಹುಡುಗನೊಬ್ಬನ ಕಥೆ ಅದು. ಭಾಷೆಯ ವಿಷಯದಲ್ಲಿ ಮಡಿವಂತರಾದ ನಮ್ಮಂಥವರು ಕೂಡ ಓದಿ ಬೆರಗಾಗುವ ಪುಸ್ತಕ.

ಇಂಥ ಮನುಷ್ಯ ನಗಿಸುವ ಕೆಲಸವನ್ನು ಬದಿಗಿಟ್ಟು ಹೋರಾಟಕ್ಕೆ ಇಳಿದನು. ಒಗೊನಿ ನೆಲದಲ್ಲಿ ೧೯೫೮ರಿಂದ ಎಣ್ಣೆ ತೆಗೆಯುತ್ತಿದ್ದರು. ಕೊಳವೆಗಳು ಒಡೆದು ಹೊಲಗಳಿಗೆ ಎಣ್ಣೆ ಹರಿಯುತ್ತಿತ್ತು. ಬಾವಿಯಿಂದ ಎಣ್ಣೆಯೊಡನೆ ಬರುವ ಅನಿಲವನ್ನು ಹಿಡಿದಿಡುವ ಖರ್ಚು ಬೇಡವೆಂದು ಹಗಲಿರುಳು ಉರಿಸಿಬಿಡುತ್ತಿದ್ದರು. ಎಣ್ಣೆಯ ಸಿರಿವಂತಿಕೆಯ ನಾಡಿನಲ್ಲಿ ಹಳ್ಳಿಗಳಿಗೆ ವಿದ್ಯುದ್ದೀಪವಿಲ್ಲ. ರಾತ್ರಿಯ ಬೆಳಕೆಂದರೆ ಆಕಾಶಕ್ಕೆ ನೆಗೆಯುವ ಆ ಬೆಂಕಿ. ೧೯೯೦ರಲ್ಲಿ ಒಗೊನಿಗಳು ತಮ್ಮ ಹಕ್ಕುಗಳ ಪತ್ರವೊಂದನ್ನು ಸಿದ್ಧಪಡಿಸಿ ಸರ್ಕಾರದ ಮುಂದಿಟ್ಟರು. ೧೯೯೩ರ ಜನವರಿ ೪ರಂದು ಸುಮಾರು ಮೂರು ಲಕ್ಷ ಜನ ಶಾಂತವಾಗಿ ಮೆರವಣಿಗೆ ನಡೆಸಿದರು. ಒಗೊನಿಗಳ ಒಟ್ಟು ಸಂಖ್ಯೆಯೇ ಸುಮಾರು ಐದು ಲಕ್ಷವೆಂದು ಆಗ ಹೇಳುತ್ತಿದ್ದರು. ಅದೇ ವರ್ಷ ಶೆಲ್ ಅಲ್ಲಿಯ ಬಾವಿಗಳನ್ನು ನಿಲ್ಲಿಸಿ ಹೊರಟಿತು. ಮರುವರ್ಷ ನಾಲ್ವರು ಒಗೊನಿ ಮುಖಂಡರ ಕೊಲೆಯಾಯಿತು. ಕೊಲೆಗೆ ಪ್ರಚೋದನೆ ಕೊಟ್ಟನೆಂದು ಸಾರೊ-ವಿವಾನನ್ನು ಹಿಡಿದು, ಮೇಲ್ಮನವಿಗೆ ಅವಕಾಶವಿಲ್ಲದ ವಿಶೇಷ ನ್ಯಾಯಮಂಡಲಿಯ ಮುಂದೆ ನಿಲ್ಲಿಸಿದರು. ೧೯೯೫ರ ನವೆಂಬರ್ ೧೦ರಂದು ಅವನನ್ನೂ ಇನ್ನೆಂಟು ಮಂದಿಯನ್ನೂ ಗಲ್ಲಿಗೇರಿಸಲಾಯಿತು. ಕಾಮನ್‌ವೆಲ್ತ್ ಕೂಟ ನೈಜೀರಿಯಾವನ್ನು ಅಮಾನತಿನಲ್ಲಿಟ್ಟಿತು. ಮೂವತ್ತು ವರ್ಷಗಳು ಕಳೆದ ಮೇಲೆ, ೨೦೨೫ರ ಜೂನ್‌ನಲ್ಲಿ, ಆ ದೇಶದ ಅಧ್ಯಕ್ಷರು ಒಂಬತ್ತು ಮಂದಿಗೂ ಕ್ಷಮೆಯನ್ನು ಘೋಷಿಸಿ ರಾಷ್ಟ್ರಗೌರವವನ್ನೂ ಕೊಟ್ಟರು. ತಪ್ಪು ಮಾಡದವರಿಗೆ ಕ್ಷಮೆ ಹೇಗೆ ಎಂದು ಅವರ ಕಡೆಯವರು ಕೇಳಿದ್ದು ಸಹಜವೇ. ಕ್ಷಮೆಗೂ ನಿರ್ದೋಷಿತ್ವಕ್ಕೂ ಇರುವ ಅಂತರ ನಮ್ಮ ನಿಘಂಟುಗಳಲ್ಲಿಯೂ ಸ್ಪಷ್ಟವಾಗಿದೆ.

ಉರಿಯುವ ಅನಿಲದ ವಿಷಯದಲ್ಲಿ ಕಾಯಿದೆ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ೧೯೭೯ರ ಕಾಯಿದೆಯ ಪ್ರಕಾರ ೧೯೮೪ರ ಜನವರಿ ೧ರಿಂದ ಮಂತ್ರಿಗಳ ಅನುಮತಿಯಿಲ್ಲದೆ ಅನಿಲವನ್ನು ಉರಿಸಕೂಡದು. ಆದರೆ ಅನುಮತಿ ದೊರೆಯುತ್ತಿತ್ತು. ಅದಕ್ಕೆ ತೆರಬೇಕಾದ ದಂಡವೂ ಅಲ್ಪ. ಅನಿಲವನ್ನು ಹಿಡಿದಿಡುವುದಕ್ಕಿಂತ ದಂಡ ಕಟ್ಟಿ ಉರಿಸುವುದೇ ಅಗ್ಗವಾದಾಗ ಯಾವ ವ್ಯಾಪಾರಿ ಏನು ಮಾಡುತ್ತಾನೆಂಬುದಕ್ಕೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ೨೦೦೫ರ ನವೆಂಬರಿನಲ್ಲಿ ಬೆನಿನ್ ನಗರದ ನ್ಯಾಯಾಲಯವು ಇವೆರೆಕಾನ್ ಎಂಬ ಊರಿನವರ ಅರ್ಜಿಯ ಮೇಲೆ, ಹೀಗೆ ಉರಿಸುವುದು ಸಂವಿಧಾನ ಕೊಟ್ಟ ಜೀವಿಸುವ ಹಕ್ಕಿಗೆ ವಿರುದ್ಧವೆಂದು ತೀರ್ಪಿತ್ತಿತು. ತೀರ್ಪಿನ ಬಳಿಕವೂ ಬೆಂಕಿ ಆರಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ೧೯೫೬ರ ಎಣ್ಣೆ ಕೊಳವೆ ಕಾಯಿದೆಯ ಒಂದು ಉಪವಿಧಿಯೊಳಗಿನ ಸಣ್ಣ ತುಣುಕು. ಕೊಳವೆ ಒಡೆದು ಎಣ್ಣೆ ಸೋರಿ ಯಾರಿಗಾದರೂ ನಷ್ಟವಾದರೆ ಕಂಪನಿ ಪರಿಹಾರ ಕೊಡತಕ್ಕದ್ದು. ಆದರೆ ಒಡೆದದ್ದು ಮೂರನೆಯವನೊಬ್ಬನ ದುಷ್ಕೃತ್ಯದಿಂದಾಗಿದ್ದರೆ ಕೊಡಬೇಕಾಗಿಲ್ಲ. ಓದುವಾಗ ನ್ಯಾಯವಾಗಿಯೇ ತೋರುತ್ತದೆ. ಕಳ್ಳನು ಕೊಳವೆಗೆ ರಂಧ್ರ ಕೊರೆದರೆ ಕಂಪನಿಯ ತಪ್ಪೇನು? ಆದರೆ ಕೆಳಗಿನ ಹೊಲದ ರೈತನ ತಪ್ಪೇನು ಎಂಬ ಪ್ರಶ್ನೆಯನ್ನು ಕಾಯಿದೆ ಕೇಳುವುದಿಲ್ಲ. ಅವನ ಬೆಳೆ ತುಕ್ಕಿನಿಂದ ಸೋರಿದ ಎಣ್ಣೆಗೂ ಸಾಯುತ್ತದೆ, ಕಳ್ಳನು ಸೋರಿಸಿದ ಎಣ್ಣೆಗೂ ಸಾಯುತ್ತದೆ. ಮೊದಲನೆಯದಕ್ಕೆ ಹಣ, ಎರಡನೆಯದಕ್ಕೆ ಇಲ್ಲ. ಹೀಗಾಗಿ ಕಾರಣ ಯಾವುದೆಂದು ಬರೆದಿಡುವ ಒಂದು ಹಾಳೆಯೇ ಊರಿನ ಹಣೆಬರಹವಾಗುತ್ತದೆ. ಕಂಪನಿಯವರು, ಸರ್ಕಾರದವರು, ಊರಿನವರು ಕೂಡಿ ಸ್ಥಳಕ್ಕೆ ಹೋಗಿ ಮಹಜರು ಮಾಡುವುದು ಕ್ರಮ. ಹೆಸರಿಗೆ ಮೂವರು. ಆದರೆ ಕೊಳವೆಯ ಒಳಹೊರಗು ಬಲ್ಲವರು, ಅಲ್ಲಿಗೆ ಹೋಗಲು ದೋಣಿಯನ್ನೂ ಯಂತ್ರವನ್ನೂ ಉಳ್ಳವರು ಒಬ್ಬರೇ.

ಬೊಡೊ ಎಂಬ ಊರಿನಲ್ಲಿ ೨೦೦೮ರಲ್ಲಿ ಎರಡು ಬಾರಿ ಕೊಳವೆ ಒಡೆಯಿತು. ವಾರಗಟ್ಟಲೆ ಎಣ್ಣೆ ಹರಿದು ಕಾಂಡ್ಲಾ ಕಾಡೆಲ್ಲ ಕಪ್ಪಾಯಿತು. ಮೊದಲ ಸೋರಿಕೆಯಲ್ಲಿ ಹೋದದ್ದು ೧,೬೪೦ ಪೀಪಾಯಿ ಎಂದು ಮಹಜರಿನ ಲೆಕ್ಕ. ಆಮ್ನೆಸ್ಟಿ ಸಂಸ್ಥೆ ತಜ್ಞರಿಂದ ಪರೀಕ್ಷೆ ಮಾಡಿಸಿದಾಗ ಅದು ಒಂದು ಲಕ್ಷ ಪೀಪಾಯಿಗೂ ಮೀರಿರಬೇಕೆಂದು ಕಂಡಿತು. ಊರಿನವರು ಲಂಡನ್ನಿನ ನ್ಯಾಯಾಲಯಕ್ಕೆ ಹೋದರು. ಅಲ್ಲಿ ಕಂಪನಿ ತನ್ನ ಹಳೆಯ ಲೆಕ್ಕ ಸರಿಯಲ್ಲವೆಂದು ೨೦೧೪ರಲ್ಲಿ ಒಪ್ಪಿಕೊಳ್ಳಬೇಕಾಯಿತು. ೨೦೧೫ರ ಜನವರಿಯಲ್ಲಿ ಐದೂವರೆ ಕೋಟಿ ಪೌಂಡುಗಳಿಗೆ ರಾಜಿಯಾಯಿತು. ಅದರಲ್ಲಿ ೧೫,೬೦೦ ಮಂದಿಗೆ ತಲೆಗೆ ಸುಮಾರು ೨,೨೦೦ ಪೌಂಡು ಬಂದಿತು, ಉಳಿದದ್ದು ಊರೊಟ್ಟಿನ ಪಾಲು. ಏಳು ವರ್ಷ ಮೀನಿಲ್ಲದ ಹೊಳೆಯ ದಡದಲ್ಲಿ ಕುಳಿತವರಿಗೆ ಇದು ಹೆಚ್ಚೋ ಕಡಿಮೆಯೋ ನಾನು ಹೇಳಲಾರೆ. ತಮ್ಮ ದೇಶದ ಶಾಸನದಿಂದ ಸಿಗದದ್ದು ಪರದೇಶದ ನ್ಯಾಯಾಲಯದಿಂದ ಸಿಕ್ಕಿತೆಂಬುದಂತೂ ನಿಜ.

ಹಾಲೆಂಡಿನ ನ್ಯಾಯಾಲಯದ ಕಥೆಯೂ ಹೀಗೆಯೇ. ನಾಲ್ವರು ರೈತರು ಅಲ್ಲಿಯ ಒಂದು ಪರಿಸರ ಸಂಸ್ಥೆಯ ನೆರವಿನಿಂದ ೨೦೦೮ರಲ್ಲಿ ದಾವೆ ಹೂಡಿದರು. ೨೦೨೧ರ ಜನವರಿಯಲ್ಲಿ ಹೇಗ್ ನಗರದ ಮೇಲ್ಮನವಿ ನ್ಯಾಯಾಲಯವು, ಕಳ್ಳರೇ ಕೊಳವೆ ಒಡೆದರೆಂದು ಹೇಳಿ ನುಣುಚಿಕೊಳ್ಳಬೇಕಾದರೆ ಅದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸುವ ಹೊಣೆ ಕಂಪನಿಯದು ಎಂದು ಹೇಳಿ, ಎರಡು ಊರುಗಳ ವಿಷಯದಲ್ಲಿ ಅದು ಸಾಬೀತಾಗಿಲ್ಲವೆಂದು ತೀರ್ಪು ಕೊಟ್ಟಿತು. ಹದಿಮೂರು ವರ್ಷ! ದಾವೆ ಹೂಡಿದವರಲ್ಲಿ ಕೆಲವರು ತೀರ್ಪಿನ ದಿನಕ್ಕೆ ಬದುಕಿ ಉಳಿಯಲಿಲ್ಲ, ಮಕ್ಕಳು ಮುಂದುವರಿಸಿದ್ದರು.

ಒಂದು ಮಾತನ್ನು ಮರೆಮಾಚಿದರೆ ಅನ್ಯಾಯವಾದೀತು. ಕಳ್ಳತನ ಕಟ್ಟುಕಥೆಯಲ್ಲ. ಕೊಳವೆಗಳಿಗೆ ಕನ್ನ ಹಾಕಿ, ಕಾಡಿನೊಳಗೆ ಪೀಪಾಯಿಗಳಲ್ಲಿ ಎಣ್ಣೆ ಕುದಿಸಿ, ಸೀಮೆಎಣ್ಣೆ ಡೀಸೆಲ್ ಬೇರ್ಪಡಿಸಿ ಮಾರುವ ಕಸುಬು ಅಲ್ಲಿ ವ್ಯಾಪಕವಾಗಿ ಬೆಳೆದಿದೆ. ಸ್ಥಳೀಯ ತರುಣರ ಜೊತೆಗೆ ದೊಡ್ಡ ಕುಳಗಳೂ ಅದರಲ್ಲಿ ಇದ್ದಾರೆಂಬ ಮಾತು ಬಹುಕಾಲದಿಂದ ಉಂಟು. ೨೦೨೨ರ ಏಪ್ರಿಲ್‌ನಲ್ಲಿ ಇಮೊ ಎಂಬ ರಾಜ್ಯದಲ್ಲಿ ಇಂಥದೊಂದು ಕಳ್ಳಭಟ್ಟಿ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಕೆಲಸವಿಲ್ಲದ ಹುಡುಗನಿಗೆ ತನ್ನ ಊರ ಕೆಳಗಿನ ಎಣ್ಣೆ ಕಾಯಿದೆಯ ಪ್ರಕಾರ ಅನ್ಯರದು. ಅವನ ಮನಸ್ಸಿನ ಪ್ರಕಾರ ತಾತನದು. ಈ ಎರಡರ ನಡುವೆ ಆ ಭಟ್ಟಿ ಹೊಗೆಯಾಡುತ್ತದೆ.

ವಿಶ್ವಸಂಸ್ಥೆಯ ಪರಿಸರ ವಿಭಾಗವು ಒಗೊನಿ ಪ್ರದೇಶದ ಇನ್ನೂರಕ್ಕೂ ಹೆಚ್ಚು ಸ್ಥಳಗಳನ್ನು ಪರೀಕ್ಷಿಸಿ ೨೦೧೧ರಲ್ಲಿ ವರದಿ ಕೊಟ್ಟಿತು. ಒಗಾಲೆ ಎಂಬಲ್ಲಿ ಜನ ಕುಡಿಯುತ್ತಿದ್ದ ಬಾವಿಯ ನೀರಿನಲ್ಲಿ, ಅರ್ಬುದ ರೋಗಕ್ಕೆ ಕಾರಣವಾಗುವ ಬೆಂಜೀನ್ ಎಂಬ ವಸ್ತು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ೯೦೦ ಪಟ್ಟು ಇತ್ತು. ಅಂತರ್ಜಲದ ಮೇಲೆ ಎಂಟು ಸೆಂಟಿಮೀಟರ್ ದಪ್ಪ ಎಣ್ಣೆಯ ಪದರ ತೇಲುತ್ತಿತ್ತು. ಎಂದರೆ ನಾಲ್ಕು ಬೆರಳಿನ ಅಗಲ. ಪ್ರದೇಶವನ್ನು ಪೂರ್ಣವಾಗಿ ಶುದ್ಧಗೊಳಿಸಲು ೨೫ರಿಂದ ೩೦ ವರ್ಷ ಬೇಕಾದೀತೆಂದೂ ಮೊದಲ ಐದು ವರ್ಷಗಳಿಗೆ ನೂರು ಕೋಟಿ ಡಾಲರುಗಳ ನಿಧಿ ಬೇಕೆಂದೂ ವರದಿ ಹೇಳಿತು. 'ನಿಧಿ' ಎಂಬ ಮಾತು ಮತ್ತೆ ಬಂದಿತು ನೋಡಿ. ಈ ಬಾರಿ ನೆಲದಿಂದ ತೆಗೆಯುವುದಕ್ಕಲ್ಲ, ನೆಲಕ್ಕೆ ಸುರಿಯುವುದಕ್ಕೆ.

ಈಗ ಇತ್ತೀಚಿನ ಶಾಸನ. ೨೦೦೮ರಿಂದ ಮಸೂದೆಯ ರೂಪದಲ್ಲಿಯೇ ತಿರುಗಾಡಿ, ೨೦೨೧ರ ಆಗಸ್ಟ್ ೧೬ರಂದು ಅಧ್ಯಕ್ಷರ ಸಹಿ ಪಡೆದ ಪೆಟ್ರೋಲಿಯಂ ಉದ್ಯಮ ಕಾಯಿದೆ ಅದು. ಒಡೆತನ ಎಂದಿನಂತೆ ಒಕ್ಕೂಟ ಸರ್ಕಾರದ್ದೇ. ಆದರೆ 'ಆತಿಥೇಯ ಸಮುದಾಯ'ಗಳೆಂದು ಎಣ್ಣೆಯೂರುಗಳಿಗೆ ಒಂದು ಹೆಸರು ಬಂದಿತು, ಕಾಯಿದೆಯಲ್ಲಿ ಒಂದು ಅಧ್ಯಾಯವೂ ದೊರೆಯಿತು. (ಕರೆಯದೆ ಬಂದು ಅರವತ್ತು ವರ್ಷ ಕುಳಿತವರನ್ನು ಅತಿಥಿಗಳೆನ್ನಬಹುದೇ ಎಂಬುದು ವ್ಯಾಕರಣದ ಪ್ರಶ್ನೆಯಲ್ಲವಾದ್ದರಿಂದ ಬಿಡುತ್ತೇನೆ.) ಪ್ರತಿ ಕಂಪನಿಯೂ ತಾನು ಕೆಲಸ ನಡೆಸುವ ಊರುಗಳಿಗಾಗಿ ಒಂದು ನ್ಯಾಸವನ್ನು ಸ್ಥಾಪಿಸಿ, ಹಿಂದಿನ ವರ್ಷದ ನಿರ್ವಹಣಾ ವೆಚ್ಚದಲ್ಲಿ ನೂರಕ್ಕೆ ಮೂರನ್ನು ಅದಕ್ಕೆ ಕೊಡತಕ್ಕದ್ದು. ಜನ ಕೇಳಿದ್ದು ಹತ್ತು, ಕೆಳಮನೆ ಒಪ್ಪಿದ್ದು ಐದು, ಮೇಲ್ಮನೆ ಮೂರು ಎಂದಿತು, ಮೂರೇ ಉಳಿಯಿತು. ಅದೇ ಕಾಯಿದೆಯಲ್ಲಿ, ಎಣ್ಣೆ ಇದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲದ ದೂರದ ಒಳನಾಡುಗಳಲ್ಲಿ ಹುಡುಕಾಟ ನಡೆಸುವುದಕ್ಕೆ ರಾಷ್ಟ್ರೀಯ ಕಂಪನಿಯ ಲಾಭದ ಎಣ್ಣೆ ಅನಿಲಗಳಲ್ಲಿ ನೂರಕ್ಕೆ ಮೂವತ್ತನ್ನು ತೆಗೆದಿರಿಸಿದರು. ನದೀಮುಖದವರು ಕನಲಿದರೆ ಆಶ್ಚರ್ಯವೇನು?

ವೆಚ್ಚದ ಮೇಲೆ ಲೆಕ್ಕ ಹಾಕುವುದನ್ನು ಕೇಳಿ ರಾಯರು, "ಅಡುಗೆಯ ಸೌದೆಯಲ್ಲಿ ಪಾಲು, ಊಟದಲ್ಲಿ ಇಲ್ಲ" ಎಂದರು. ಅವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಿಲ್ಲ. ಲಾಭದ ಮೇಲೆ ಲೆಕ್ಕವಿಟ್ಟರೆ ಈ ವರ್ಷ ಲಾಭವೇ ಇಲ್ಲವೆಂದು ತೋರಿಸುವುದು ದೊಡ್ಡ ಕಂಪನಿಗಳಿಗೆ ಕಷ್ಟವಲ್ಲ. ವೆಚ್ಚವಾದರೋ ಎಣ್ಣೆಯ ಬೆಲೆ ಬಿದ್ದ ವರ್ಷವೂ ಇದ್ದೇ ಇರುತ್ತದೆ. ಮೂರೆಂಬುದು ಸಣ್ಣದಾಗಿದ್ದರೂ ಊರಿಗೆ ನೇರವಾಗಿ ತಲುಪುವ ದಾರಿಯೊಂದನ್ನು ಶಾಸನ ಮೊದಲ ಬಾರಿಗೆ ತೆರೆದಿದೆ ಎಂಬುದನ್ನು ಒಪ್ಪಬೇಕು. ನನ್ನ ತಕರಾರು ಇರುವುದು ಬೇರೆ ಎರಡು ಕಡೆ. ನ್ಯಾಸದ ಧರ್ಮದರ್ಶಿಗಳನ್ನು ನೇಮಿಸುವುದು ಕಂಪನಿ. ಎರಡನೆಯದು ಇನ್ನೂ ಬಿಗಿ. ಯಾವುದೇ ವರ್ಷ ಊರಿನ ಎಲ್ಲೆಯಲ್ಲಿ ಕೊಳವೆ ಒಡೆಯುವುದೋ ದಾಂಧಲೆ ನಡೆಯುವುದೋ ಆದರೆ, ಅದರ ದುರಸ್ತಿಯ ಖರ್ಚನ್ನು ಊರಿನ ಪಾಲಿನಿಂದ ಮುರಿದುಕೊಳ್ಳಲಾಗುತ್ತದೆ.

ರಾಯರು ಜಗಲಿಯಿಂದ ಎದ್ದೇ ನಿಂತರು. "ಇದು ಪುಂಡುಗಂದಾಯ! ನಮ್ಮ ತಂದೆ ಹೇಳುತ್ತಿದ್ದರು. ಚಳವಳಿಯ ಕಾಲದಲ್ಲಿ ಯಾರೋ ತಂತಿ ಕತ್ತರಿಸಿದರೆ ಊರಿಗೆ ಊರೇ ತೆರಬೇಕು. ಕತ್ತರಿಸಿದವನು ಯಾರೆಂದು ಕೇಳುವುದೇ ಇಲ್ಲ."

ಪುಂಡುಗಂದಾಯವೆಂಬ ಮಾತು ನನಗೆ ಹೊಳೆದಿರಲಿಲ್ಲ. ಇದಕ್ಕಿಂತ ತಕ್ಕ ಪದ ಕನ್ನಡದಲ್ಲಿ ಇರಲಾರದು. ರಾತ್ರಿಯಲ್ಲಿ ಬಂದೂಕು ಹಿಡಿದು ದೋಣಿಯಲ್ಲಿ ಬಂದ ಕಳ್ಳರನ್ನು ಮೀನುಗಾರ ಹೆಂಗಸು ತಡೆಯಬೇಕು. ತಡೆಯದಿದ್ದರೆ ಅವಳ ಮಗುವಿನ ಶಾಲೆಗೆ ಹಂಚು ಹೊದಿಸುವ ಹಣ ಆ ವರ್ಷ ಬರದು. ಕೊಳವೆ ಕಾಯುವುದು ಯಾರ ಕೆಲಸವೋ ಅವರ ಸಂಬಳ ಮಾತ್ರ ಎಂದಿನಂತೆ ಬರುತ್ತಿರುತ್ತದೆ.

ನಮ್ಮ ನಾಡಿನಲ್ಲಿ ಹೇಗೆಂದು ಆ ಹುಡುಗಿ ಮತ್ತೆ ಕೇಳುವುದು ಖಂಡಿತವಾದ್ದರಿಂದ ಸ್ವಲ್ಪ ಹುಡುಕಿ ನೋಡಿದೆ. ಬೇರೆ ಕಾಯಿದೆಯಿಂದ ಹಕ್ಕು ಹೋಗದಿದ್ದಲ್ಲಿ ನೆಲದ ಕೆಳಗಿನ ಖನಿಜವೂ ನೆಲದ ಒಡೆಯನದೇ ಎಂದು ೨೦೧೩ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಮಲಬಾರಿನ ಜಮೀನುಗಳ ಮೊಕದ್ದಮೆಯೊಂದರಲ್ಲಿ ಹೇಳಿದೆ. ಅಷ್ಟಭೋಗದ ಪ್ರತಿಧ್ವನಿಯಂತೆ ಕೇಳಿಸುತ್ತದೆ. ಬಳ್ಳಾರಿ ಸಂಡೂರುಗಳ ಅದಿರಿನ ರಾಜಧನದ ಮೇಲೆ ನೂರಕ್ಕೆ ಹತ್ತೋ ಮೂವತ್ತೋ ಸೇರಿಸಿ, ಗಣಿಯಿಂದ ನೊಂದ ಊರುಗಳಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕೆಂದು ೨೦೧೫ರಲ್ಲಿ ಕಾಯಿದೆಯಾಯಿತು. ಆದರೆ ಆ ಕಾಯಿದೆಯಲ್ಲಿ ಖನಿಜವೆಂದರೆ ಖನಿಜತೈಲವನ್ನು ಬಿಟ್ಟು ಉಳಿದವು. ಅಸ್ಸಾಮಿನ ಬಾಘ್‌ಜಾನ್‌ನಲ್ಲಿ ೨೦೨೦ರ ಮೇ ೨೭ರಂದು ಬಾವಿ ಸಿಡಿದು, ಜೂನ್ ೯ರಂದು ಹೊತ್ತಿಕೊಂಡು, ತಿಂಗಳುಗಟ್ಟಲೆ ಉರಿದಾಗ ಮನೆಗಳನ್ನು ಬಿಟ್ಟು ಓಡಿದವರಿಗೆ ಅಂಥ ಪ್ರತಿಷ್ಠಾನದ ಆಸರೆ ಇರಲಿಲ್ಲ.

ಕೊನೆಯದಾಗಿ ಒಂದು ಸಂಗತಿಯನ್ನು ಹೇಳಿ ಬಿಡುತ್ತೇನೆ. ೨೦೨೫ರ ಮಾರ್ಚ್‌ನಲ್ಲಿ ಶೆಲ್ ಕಂಪನಿ ನೈಜೀರಿಯಾದ ನೆಲದ ಮೇಲಿನ ತನ್ನ ಎಣ್ಣೆ ವ್ಯವಹಾರವನ್ನು ರೆನೆಸಾನ್ಸ್ ಎಂಬ ಕೂಟಕ್ಕೆ ಮಾರಿ ಮುಗಿಸಿತು. ಮುಂದೆ ಸಮುದ್ರದ ಆಳದಲ್ಲಿ ಕೆಲಸ, ಅಲ್ಲಿ ಊರುಗಳಿಲ್ಲ. ರಾಯರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, "ಖಾತೆ ಬದಲಾವಣೆ ಆಯಿತು ಸರಿ. ಹಳೆಯ ಬಾಕಿ ಯಾರ ಹೆಸ್ರಲ್ಲಿ ಬರೆದಿದ್ದಾರೆ, ಅದನ್ನು ನೋಡಿ" ಎಂದರು.

ಆ ಪ್ರಶ್ನೆಯನ್ನೇ ಒಗಾಲೆಯ ಜನ, ನಾಲ್ಕು ಬೆರಳೆಣ್ಣೆ ತೇಲುತ್ತಿದ್ದ ಆ ಬಾವಿಗಳವರು, ಬಿಲ್ಲೆ ಎಂಬ ಊರಿನವರೊಡನೆ ಕೂಡಿ ಲಂಡನ್ನಿನಲ್ಲಿ ಕೇಳುತ್ತಿದ್ದಾರೆ. ಮಾತೃಕಂಪನಿಯ ಮೇಲೆ ಅವರು ಅಲ್ಲಿಯೇ ದಾವೆ ನಡೆಸಬಹುದೆಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ೨೦೨೧ರ ಫೆಬ್ರವರಿಯಲ್ಲಿ ಹೇಳಿತ್ತು. ೨೦೧೫ರಲ್ಲಿ ಹೂಡಿದ ಆ ದಾವೆಯ ಪೂರ್ಣ ವಿಚಾರಣೆಯನ್ನು ೨೦೨೭ಕ್ಕೆ ಗೊತ್ತುಮಾಡಿದರು.